ಓದುಗರ ಪ್ರಶ್ನೆ: ಕ್ರಿಸ್ಟೋಫ್‌ನ ಫೋರ್ಕು, ನಮ್ಮ ಸೈಕಲ್ಲು

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಹಳೆಯ ಕಾಲದ ವೃತ್ತಿಪರ ಸೈಕಲ್ ಪಟು ಯೂಜೆನ್ ಕ್ರಿಸ್ಟೋಫ್ ಬಗ್ಗೆ ಅರ್ಧ ಪುಟದ ಟಿಪ್ಪಣಿ ಬಂದಿತ್ತು. ಫ್ರಾನ್ಸಿನಲ್ಲಿ ಹಂತಹಂತವಾಗಿ ನಡೆಯುವ ಸೈಕಲ್ ಓಟ ಟೂರ್ ದ ಫ್ರಾನ್ಸ್‌ನಲ್ಲಿ, 1913ರಲ್ಲಿ, ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕು ಮುರಿದಾಗ ಹಳ್ಳಿಯ ಕುಲುಮೆಗೆ ಹೊತ್ತೊಯ್ದು, ತಾನೇ ಸರಿಮಾಡಿಕೊಂಡು ಓಟ ಮುಂದುವರಿಸಿದವನು ಆತ. ಮೈಸೂರು, ಮಂಡ್ಯ ಕಡೆಯಿಂದ ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಕ್ರಿಸ್ಟೋಫ್ ಬಗ್ಗೆ, ಇನ್ನರ್ಧ ತಂತಮ್ಮ ಸೈಕಲ್ ಬಗ್ಗೆ. ಎರಡನ್ನೂ ಇಲ್ಲಿ ಸೇರಿಸಿದ್ದೇವೆ.

ಫೋರ್ಕು ಮುರಿದ ಮೇಲೆ ಅಷ್ಟು ದೂರ ನಡೆಯುವ ಬದಲು ಬೇರೆ ಸೈಕಲ್ ತೆಗೆದುಕೊಳ್ಳಬಹುದಿತ್ತಲ್ಲ? ಜೊತೆಯಲ್ಲಿ ಕಂಪನಿಯವರು ಇರಲಿಲ್ಲವೆ?
– ಓದುಗರು, ಸರಸ್ವತಿಪುರಂ, ಮೈಸೂರು

ಕಂಪನಿ ಇತ್ತು. ಆತ ಪ್ಯೂಜೋ ತಂಡದವನು. ಆದರೆ ಆಗಿನ ನಿಯಮ ಬೇರೆ. ಹೊರಟ ಸೈಕಲ್ಲಿನಲ್ಲೇ ಮುಟ್ಟಬೇಕು, ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಇನ್ನೊಬ್ಬರ ಕೈ ಸೋಕಬಾರದು. ಸ್ಪರ್ಧೆ ನಡೆಸುತ್ತಿದ್ದ ‘ಲೋಟೊ’ ಪತ್ರಿಕೆಯ ಆನ್ರಿ ದೆಗ್ರಾಂಜ್ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗೆಲ್ಲಬೇಕಾದದ್ದು ಮನುಷ್ಯ, ಕಾರ್ಖಾನೆಯಲ್ಲ ಎಂಬುದು ಅವರ ವಾದ. ಸವಾರರು ಹೆಗಲಿಗೆ ಅಡ್ಡಡ್ಡ ಟೈರು ಸುತ್ತಿಕೊಂಡು ಹೊರಡುತ್ತಿದ್ದುದೂ ಇದೇ ಕಾರಣಕ್ಕೆ.

ಆ ದಿನದ ಹಂತ ಬಯೋನ್ ಊರಿನಿಂದ ಲುಶೋನ್‌ಗೆ, 326 ಕಿ.ಮೀ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ವಾಪಸು ಬಂದು, ಮತ್ತೊಮ್ಮೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದರ ನಡುವೆ ಪಿರನೀಸ್ ಪರ್ವತದ ಘಾಟಿಗಳು ಬೇರೆ. ಅವುಗಳಲ್ಲಿ ಟೂರ್ಮಲೆಯ ನೆತ್ತಿ 2,115 ಮೀಟರ್ ಎತ್ತರದಲ್ಲಿದೆ. ಲೂಜ್ ಊರಿನ ಕಡೆಯಿಂದ ಹತ್ತಿದರೆ ಏರುವುದು ಸುಮಾರು 1,400 ಮೀಟರ್. ನಮ್ಮ ಚಾಮುಂಡಿ ಬೆಟ್ಟದ ರಸ್ತೆ ಏರುವುದು ಹತ್ತಿರಹತ್ತಿರ 300 ಮೀಟರ್. ನಾಲ್ಕೂವರೆ ಚಾಮುಂಡಿ ಬೆಟ್ಟ ಒಂದರ ಮೇಲೊಂದಿಟ್ಟು, ಜಲ್ಲಿಕಲ್ಲಿನ ದಾರಿಯಲ್ಲಿ ಹತ್ತಿದ ಹಾಗೆ.

ಕ್ರಿಸ್ಟೋಫ್ ನೆತ್ತಿ ದಾಟಿ ಇಳಿಯುತ್ತಿದ್ದಾಗ ಹ್ಯಾಂಡಲ್ ಹಿಡಿತಕ್ಕೆ ಸಿಗದಾಯಿತು. ಬ್ರೇಕ್ ಹಿಡಿದು ನಿಂತು ನೋಡಿದರೆ ಫೋರ್ಕು ಮುರಿದಿದೆ. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿ.ಮೀ. ಕೆಳಗಿದ್ದ ಸಾಂತ್ ಮಾರಿ ದ ಕಾಂಪಾನ್ ಎಂಬ ಹಳ್ಳಿಗೆ ನಡೆದ. ಹಿಂದೆ ಬಿಟ್ಟು ಬಂದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ಹಳ್ಳಿಯ ಕಮ್ಮಾರ ಕುಲುಮೆ ಬಿಟ್ಟುಕೊಟ್ಟ, ಕೆಲಸಕ್ಕೆ ಕೈಹಾಕುವಂತಿರಲಿಲ್ಲ. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದವನಿಗೆ ತಿದಿ ಒತ್ತಲು ಕೈ ಎಲ್ಲಿಂದ ಬರಬೇಕು? ಒಬ್ಬ ಹುಡುಗ ತಿದಿ ಒತ್ತಿಕೊಟ್ಟ. ಅದನ್ನೂ ಹೊರಗಿನವರ ನೆರವೆಂದು ಎಣಿಸಿ 10 ನಿಮಿಷದ ದಂಡ ಹಾಕಿದರು, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ಒಟ್ಟಾರೆ ನಾಲ್ಕು ಗಂಟೆಯ ಆಸುಪಾಸು ಹೋಯಿತು, ಅದರ ಮುಂದೆ ಮೂರು ನಿಮಿಷ ಯಾವ ಲೆಕ್ಕ? ಆದರೂ ಆ ದಂಡವನ್ನು ಅನ್ಯಾಯವೆಂದೇ ಹೇಳಬೇಕು. ಹಾಗೆ ಬೆಸೆದ ಸೈಕಲ್ಲಿನಲ್ಲೇ ಇನ್ನೆರಡು ಘಾಟಿ ಹತ್ತಿಳಿದು ಲುಶೋನ್ ಸೇರಿದ. ಪ್ಯಾರಿಸ್‌ಗೂ ಮುಟ್ಟಿದ, ಒಟ್ಟಾರೆ 7ನೇ ಸ್ಥಾನ. ಆ ವರ್ಷ ಗೆದ್ದವನು ಬೆಲ್ಜಿಯಂನ ಫಿಲಿಪ್ ತೀಸ್.

ಇದು ಆತನ ಕೈಯಲ್ಲಿ ಸಾಧ್ಯವಾಗಿದ್ದಕ್ಕೆ ಕಾರಣವಿದೆ. 1885ರಲ್ಲಿ ಪ್ಯಾರಿಸ್ ಪಕ್ಕದ ಮಲಕಾಫ್‌ನಲ್ಲಿ ಹುಟ್ಟಿದ ಆತ ಸೈಕಲ್ ಓಟಕ್ಕೆ ಬರುವ ಮೊದಲು ಬೀಗ ಮಾಡುವ ಕಸುಬಿನವನು. ಕಬ್ಬಿಣ, ಅರ, ಬೆಂಕಿ ಹೊಸದಾಗಿರಲಿಲ್ಲ.

ನಾನು ಗ್ಯಾಸ್ ವೆಲ್ಡಿಂಗ್ ಮಾಡುವವನು. ಗ್ಯಾಸ್ ಇಲ್ಲದೆ ಬರೀ ಕುಲುಮೆಯಲ್ಲಿ ಸೈಕಲ್ ಟ್ಯೂಬು ಬೆಸೆಯುವುದು ಹೇಗೆ? ಮುರಿದ ಫೋರ್ಕು ಬೆಸೆದುಕೊಡಿ ಎಂದು ನನ್ನ ಹತ್ತಿರವೂ ಬರುತ್ತಾರೆ. ಮಾಡಿಕೊಡಬಹುದೆ?
– ಓದುಗರು, ಮಂಡಿ ಮೊಹಲ್ಲಾ, ಮೈಸೂರು

ಕುಲುಮೆಯಲ್ಲಿ ತೆಳು ಟ್ಯೂಬಿಗೆ ಒಗ್ಗುವುದು ಹಿತ್ತಾಳೆ ಬೆಸುಗೆ. ಉಕ್ಕು ಕರಗಲು 1,400 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಹಿತ್ತಾಳೆಗೆ 900ರ ಆಸುಪಾಸು ಸಾಕು. ಹಾಗಾಗಿ ಟ್ಯೂಬು ಕರಗದೆ ಹಿತ್ತಾಳೆ ಮಾತ್ರ ಹರಿಯುತ್ತದೆ. ಆ ಕಾಲದ ಕಾರ್ಖಾನೆಗಳೂ ಫ್ರೇಮನ್ನು ಹೀಗೇ ಬೆಸೆಯುತ್ತಿದ್ದವು.

ಮೊದಲು ಮುರಿದ ತುದಿಗಳನ್ನು ಅರದಿಂದ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಬೇಕು. ಪೇಂಟು, ತುಕ್ಕು, ಜಿಡ್ಡು ಚೂರು ಉಳಿದರೂ ಹಿತ್ತಾಳೆ ಅಲ್ಲಿ ಅಂಟುವುದಿಲ್ಲ. ತುದಿಗೆ ತುದಿ ಇಟ್ಟು ಬೆಸೆದರೆ ನಿಲ್ಲದು. ಟ್ಯೂಬಿನ ಒಳಕ್ಕೆ ಬಿಗಿಯಾಗಿ ಕೂರುವ ಇನ್ನೊಂದು ಉಕ್ಕಿನ ತುಂಡನ್ನು ಎರಡೂ ಕಡೆ ತೂರಿಸಬೇಕು. ಎರಡರ ನಡುವೆ 0.1 ಮಿ.ಮೀ.ನಷ್ಟು ಸಂದಿ ಇದ್ದರೆ ಹಿತ್ತಾಳೆ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಸಂದಿ ದೊಡ್ಡದಾದರೆ ಹರಿದು ಕೆಳಗೆ ಬೀಳುತ್ತದೆ. ಬಿಳಿಗಾರವನ್ನು ನೀರಲ್ಲಿ ಕಲಸಿ ಬಳಿದು, ಸುತ್ತ ಕೆಂಡ ಒಟ್ಟಿ, ಉಕ್ಕು ಕಡುಗೆಂಪು ದಾಟಿ ಕಿತ್ತಳೆ ಬಣ್ಣಕ್ಕೆ ತಿರುಗುವವರೆಗೆ ಗಾಳಿ ಕೊಡಬೇಕು.

ಕೆಡುವುದು ಇಲ್ಲೇ. ಕಾವು ಸಾಲದಿದ್ದರೆ ಹಿತ್ತಾಳೆ ಗುಂಡುಗುಂಡಾಗಿ ಮೇಲೆ ಕೂರುತ್ತದೆ, ನೋಡಲು ಬೆಸುಗೆಯಂತಿದ್ದರೂ ಕೈಯಲ್ಲೇ ಕಿತ್ತು ಬರುತ್ತದೆ. ಕಾವು ಮೀರಿದರೆ ಹಿತ್ತಾಳೆಯಲ್ಲಿರುವ ಸತು ಬೆಳ್ಳನೆ ಹೊಗೆಯಾಗಿ ಹೋಗಿ ಬೆಸುಗೆ ತೂತುತೂತಾಗುತ್ತದೆ, ಉಕ್ಕಿನ ಕಣ ಒರಟಾಗಿ ಬಲ ಕುಂದುತ್ತದೆ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ, ಬಯಲಿನಲ್ಲೇ ಮಾಡಬೇಕು. ತಿದಿ ನಡುವೆ ನಿಂತರೂ ಕಷ್ಟ. ತೆಳು ಟ್ಯೂಬು ಕೆಲವೇ ಕ್ಷಣದಲ್ಲಿ ಕಾವು ಕಳೆದುಕೊಳ್ಳುತ್ತದೆ, ಅರ್ಧ ಹರಿದ ಹಿತ್ತಾಳೆ ಅಲ್ಲೇ ಹೆಪ್ಪುಗಟ್ಟುತ್ತದೆ. ಕ್ರಿಸ್ಟೋಫ್‌ಗೆ ಆ ಹುಡುಗ ಏಕೆ ಬೇಕಾಗಿದ್ದ ಎಂಬುದು ಕುಲುಮೆಯ ಕೆಲಸ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಕಡೆಗೆ ಬಿಸಿ ಟ್ಯೂಬನ್ನು ನೀರಿಗೆ ಅದ್ದಬಾರದು, ಬೂದಿಯಲ್ಲಿಟ್ಟು ನಿಧಾನ ತಣಿಸಬೇಕು. ಫೋರ್ಕಿನ ಎರಡು ಕಾಲೂ ಒಂದೇ ನೇರದಲ್ಲಿವೆಯೇ ಎಂದು ಚಕ್ರ ಕೂರಿಸಿ ನೋಡಬೇಕು. ಒಂದು ಕಾಲು ಎರಡು ಮಿ.ಮೀ. ಮುಂದಿದ್ದರೂ ಕೈಬಿಟ್ಟಾಗ ಸೈಕಲ್ ಒಂದೇ ಕಡೆಗೆ ಎಳೆಯುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಮಾಡಿಕೊಡಬೇಡಿ. ಕ್ರಿಸ್ಟೋಫ್‌ಗೆ ಬೇರೆ ದಾರಿ ಇರಲಿಲ್ಲ, ನಿಮ್ಮ ಗಿರಾಕಿಗೆ ಇದೆ. ಆರ್ಕ್ ವೆಲ್ಡಿಂಗ್ ಅಂತೂ ಇನ್ನೂ ಅಪಾಯ. ಒಂದೂವರೆ ಮಿ.ಮೀ. ದಪ್ಪದ ಟ್ಯೂಬು ಒಂದು ಕಡೆ ತೂತಾಗುತ್ತದೆ, ಇನ್ನೊಂದು ಕಡೆ ಬೆಸುಗೆಯ ಅಂಚು ಗಡುಸಾಗಿ ಅದರ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡಿನ ಕಂಬಿ ಎಷ್ಟು ಬೇಕಾದರೂ ಬೆಸೆಯಿರಿ. ಫೋರ್ಕು, ಹ್ಯಾಂಡಲ್ಲಿನ ಕೊಳವೆ ಮುರಿದರೆ ಹೊಸದು ಹಾಕಿಸಿ ಎಂದು ವಾಪಸು ಕಳಿಸಿ.

ಫೋರ್ಕು ಒಂದಲ್ಲ, ಮೂರು ಸಲ ಮುರಿಯಿತು ಎಂದು ಓದಿದೆ. ಇದಕ್ಕೆ ಹಣೆಬರಹ ಎನ್ನದೆ ಏನೆನ್ನಬೇಕು?
– ಓದುಗರು, ಮಳವಳ್ಳಿ

ಮೂರು ಸಲ ಮುರಿದದ್ದು ಸರಿ. 1913ರದು ಮೇಲೆ ಬಂತು. 1919ರದು ಇನ್ನೂ ಹೊಟ್ಟೆ ಉರಿಸುವಂಥದ್ದು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, ರಸ್ತೆಗಳೆಲ್ಲ ಹಾಳುಬಿದ್ದಿದ್ದವು. ಹದಿನೈದು ಹಂತಗಳ ಆ ಓಟದಲ್ಲಿ ಕೊನೆ ಮುಟ್ಟಿದವರು ಹತ್ತು ಹನ್ನೊಂದು ಮಂದಿ. ಮೇಸ್‌ನಿಂದ ಡಂಕರ್ಕ್‌ಗೆ 468 ಕಿ.ಮೀ. ಹಂತ, ಅದಾದ ಮೇಲೆ ಉಳಿದದ್ದು ಒಂದೇ. ಕ್ರಿಸ್ಟೋಫ್ ಅರ್ಧ ಗಂಟೆಯ ಹತ್ತಿರ ಮುಂದಿದ್ದ. ವಲಾಂಸಿಯೆನ್ ಬಳಿಯ ರೇಮ್ ಎಂಬಲ್ಲಿ ಫೋರ್ಕು ಹೋಯಿತು. ರಿಪೇರಿಗೆ ಒಂದು ಗಂಟೆಗೂ ಮೇಲೆ ಹಿಡಿಯಿತು. ಫಿರ್ಮಿನ್ ಲಾಂಬೊ ಗೆದ್ದ, ಕ್ರಿಸ್ಟೋಫ್ ಮೂರನೆಯವನಾದ. ಜನ ಸುಮ್ಮನೆ ಕೂರಲಿಲ್ಲ. ಪತ್ರಿಕೆಯ ಮೂಲಕ ಚಂದಾ ಎತ್ತಿ ಆತನಿಗೆ 13,000 ಫ್ರಾಂಕ್‌ಗೂ ಹೆಚ್ಚು ಸೇರಿಸಿಕೊಟ್ಟರು, ಗೆದ್ದವನ ಬಹುಮಾನಕ್ಕಿಂತ ಎಷ್ಟೋ ಹೆಚ್ಚು. ಮೂರನೆಯದು 1922ರಲ್ಲಿ, ಆಲ್ಪ್ಸ್‌ನ ಗ್ಯಾಲಿಬಿಯೆ ಘಾಟಿ ಇಳಿಯುವಾಗ.

ಆದರೆ ಹಣೆಬರಹದ ಮಾತನ್ನು ಒಪ್ಪಲಾಗದು. ಉಕ್ಕಿನ ಫೋರ್ಕು ಮುರಿಯುವುದಕ್ಕೆ ಜಾಗ ಗೊತ್ತು, ಕಾರಣ ಗೊತ್ತು. ಚಕ್ರಕ್ಕೆ ಬಿದ್ದ ಪ್ರತಿ ಏಟೂ ಫೋರ್ಕನ್ನು ಹಿಂದಕ್ಕೆ ಬಗ್ಗಿಸುತ್ತದೆ. ಆ ಬಾಗಿನ ಜೋರೆಲ್ಲ ಎರಡು ಕಾಲುಗಳು ಮೇಲಿನ ಕೊಳವೆಗೆ ಸೇರುವ ಕ್ರೌನ್‌ನಲ್ಲಿ, ಅದರ ಮೇಲೆ ಬಾಲ್ಸು ಕೂರುವ ಕೋನ್‌ನ ಅಂಚಿನಲ್ಲಿ ಬೀಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ತುಂಡಾಗುವ ಹಾಗೆಯೇ ಇದೂ. ಕಾರ್ಖಾನೆಯ ಬೆಸುಗೆಯಲ್ಲಿ ಕಾವು ಮೀರಿದ್ದರೆ ಅದೇ ಜಾಗ ಮೊದಲೇ ಬಲಹೀನ. ಜೊತೆಗೆ ಇಳಿಜಾರಿನಲ್ಲಿ ಬ್ರೇಕಿನ ಎಳೆತ. ದಿನಕ್ಕೆ ಮುನ್ನೂರು ನಾನೂರು ಕಿ.ಮೀ. ಕಲ್ಲುದಾರಿಯಲ್ಲಿ ಹೋಗುವ ಸೈಕಲ್ಲಿನ ಫೋರ್ಕು ಮುರಿಯದಿದ್ದರೇ ಆಶ್ಚರ್ಯ. ಎರಡು ಸಲ ಅದು ಘಾಟಿ ಇಳಿಯುವಾಗಲೇ ಮುರಿದದ್ದು ಆಕಸ್ಮಿಕವೂ ಅಲ್ಲ. ಇಳಿಯುವಾಗ ವೇಗ, ಏಟು, ಬ್ರೇಕು ಮೂರೂ ಒಟ್ಟಿಗೆ ಬೀಳುತ್ತವೆ. ಆಗಲೇ ಫೋರ್ಕು ಮುರಿದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಸೈಕಲ್ ಕಂಪನಿಗೆ ಕೆಟ್ಟ ಹೆಸರು ಬರುತ್ತಿತ್ತು ಎಂದು ಕ್ರಿಸ್ಟೋಫ್ ಮುಂದೆ ಹೇಳಿಕೊಂಡಿದ್ದುಂಟು. ‘ಪಾಪ, ನತದೃಷ್ಟ’ ಎಂದು ಅನುಕಂಪ ತೋರಿಸುವವರು ಲೋಹದ ತಪ್ಪನ್ನು ಮನುಷ್ಯನ ತಲೆಗೆ ಕಟ್ಟುತ್ತಾರೆ. ಇದು ನಿಲ್ಲಬೇಕು.

ನಾನು ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಸೈಕಲ್ಲಿನಲ್ಲೇ ಹೋಗುವುದು. ಹ್ಯಾಂಡಲ್ಲಿನ ಎರಡೂ ಕಡೆ ಹತ್ತತ್ತು ಲೀಟರ್ ಕ್ಯಾನು. ಈಚೆಗೆ ಮುಂದಿನ ಬ್ರೇಕ್ ಹಿಡಿದರೆ ‘ಟಕ್’ ಅನ್ನುತ್ತೆ, ಹ್ಯಾಂಡಲ್ ಅದುರುತ್ತೆ. ನಿಮ್ಮ ಟಿಪ್ಪಣಿ ಓದಿ ಭಯವಾಯ್ತು. ಫೋರ್ಕೇ ಹೋಗಿದೆಯಾ ಅಂತ ಹೆಂಗೆ ನೋಡೋದು ಸ್ವಾಮಿ?
– ಓದುಗರು, ಮದ್ದೂರು ತಾಲ್ಲೂಕು

ನೋಡಿಕೊಳ್ಳುವವರೆಗೆ ಆ ಸೈಕಲ್ಲಿನಲ್ಲಿ ಹಾಲು ಹೊರಬೇಡಿ. ‘ಟಕ್’ ಸದ್ದಿಗೆ ಎರಡು ಕಾರಣ ಇರಬಹುದು. ಒಂದು, ಹ್ಯಾಂಡಲ್ ಬುಡದ ಬಾಲ್ಸು ಸಡಿಲ. ಇದೇ ಹೆಚ್ಚು, ಸುಲಭಕ್ಕೆ ಸರಿಹೋಗುತ್ತದೆ. ಎರಡು, ಬಿರುಕು.

ಮೊದಲನೆಯದನ್ನು ಹೀಗೆ ನೋಡಿ: ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಹ್ಯಾಂಡಲ್ ಬುಡದ ಕೆಳಗಿನ ಕಪ್ಪಿಗೂ (ಬಾಲ್ಸು ಕೂರುವ ಬಟ್ಟಲು) ಫೋರ್ಕಿನ ಕ್ರೌನ್‌ಗೂ ನಡುವೆ ಇಟ್ಟು, ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಬೆರಳಿಗೆ ಅಲುಗಾಟ ಸಿಕ್ಕಿದರೆ ಬಾಲ್ಸು ಸಡಿಲ. ಮೇಲಿನ ಲಾಕ್ ನಟ್ ಬಿಚ್ಚಿ, ಅದರ ಕೆಳಗಿನ ಕಪ್ಪನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಲಾಕ್ ಮಾಡಿ. ಮುಂದಿನ ಚಕ್ರ ಎತ್ತಿದರೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ವಾಲಬೇಕು. ವಾಲದೆ ಅಲ್ಲೇ ನಿಂತರೆ ಬಿಗಿ ಜಾಸ್ತಿಯಾಗಿದೆ, ಬಾಲ್ಸು ಕಪ್ಪಿನಲ್ಲಿ ಗುಳಿ ತೋಡುತ್ತವೆ.

ಅಲುಗಾಟ ಹೋದ ಮೇಲೂ ಸದ್ದು ಉಳಿದರೆ ಬಿರುಕು ಹುಡುಕಬೇಕು. ಚಕ್ರ ಬಿಚ್ಚಿ, ಕ್ರೌನ್ ಸುತ್ತಮುತ್ತ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿಗೆ ಬಿರುಕು ಕಾಣುವುದಿಲ್ಲ. ಕೂದಲೆಳೆಯಂಥ ಅಡ್ಡಗೆರೆ, ಅದರ ಉದ್ದಕ್ಕೆ ಕೆಂಪು ತುಕ್ಕು, ಪೇಂಟು ಉಂಗುರದಂತೆ ಒಡೆದಿರುವುದು ಇವೆಲ್ಲ ಗುರುತು. ಕಾಲಿನ ಹಿಂಭಾಗದಲ್ಲಿ ಪೇಂಟು ಸುಕ್ಕುಗಟ್ಟಿದ್ದರೆ ಎಲ್ಲೋ ಗುದ್ದಿ ಫೋರ್ಕು ಬಾಗಿದೆ ಎಂದರ್ಥ. ಇಷ್ಟಕ್ಕೆ ನಿಲ್ಲಿಸಬೇಡಿ, ಬಹಳ ಸಲ ಬಿರುಕು ಕೊಳವೆಯಲ್ಲಿ, ಕೋನ್‌ನ ಮರೆಯಲ್ಲಿ ಅಡಗಿರುತ್ತದೆ. ಫೋರ್ಕನ್ನು ಪೂರ್ತಿ ಕೆಳಗಿಳಿಸಿಯೇ ನೋಡಬೇಕು.

ಇಳಿಸುವುದು ಕಷ್ಟವಲ್ಲ. ಬ್ರೇಕಿನ ಕಂಬಿ ಬಿಚ್ಚಿ. ಹ್ಯಾಂಡಲ್ ಮೇಲಿನ ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಬಡಿಯಿರಿ. ಒಳಗಿನ ಬೆಣೆ ಬಿಟ್ಟುಕೊಂಡು ಹ್ಯಾಂಡಲ್ ಮೇಲೆ ಬರುತ್ತದೆ. ಲಾಕ್ ನಟ್, ಕಪ್ಪು ಬಿಚ್ಚುವ ಮುನ್ನ ಕೆಳಗೆ ಬಟ್ಟೆ ಹಾಸಿ, ಬಾಲ್ಸು ಚೆಲ್ಲಿ ಹೋಗುತ್ತವೆ. ಮೇಲಿನವು ಎಷ್ಟು, ಕೆಳಗಿನವು ಎಷ್ಟು ಎಂದು ಎಣಿಸಿ ಬೇರೆಬೇರೆ ಇಡಿ. ಮತ್ತೆ ಕೂರಿಸುವಾಗ ಕಪ್ಪಿಗೆ ಗ್ರೀಸು ತುಂಬಿ ಬಾಲ್ಸು ಜೋಡಿಸಿ, ಒಂದು ಬಾಲ್ ಹಿಡಿಯುವಷ್ಟು ಜಾಗ ಖಾಲಿ ಬಿಡಬೇಕು. ಇರುಕಿಸಿ ತುಂಬಿದರೆ ಒಂದಕ್ಕೊಂದು ಉಜ್ಜಿ ಹ್ಯಾಂಡಲ್ ತಡವರಿಸುತ್ತದೆ.

ಬಿರುಕು ಕಂಡರೆ ಹೊಸ ಫೋರ್ಕು. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ. ಚಕ್ರದ ಅಳತೆ, ಮೇಲಿನ ಕೊಳವೆಯ ಉದ್ದ, ಮರೆ (ನಟ್ಟು ಸುತ್ತಿಕೊಳ್ಳುವ ಗೆರೆ), ಕೋನ್ ಕೂರುವ ಜಾಗದ ಅಡ್ಡಳತೆ ಈ ನಾಲ್ಕೂ ಹೊಂದಬೇಕು. ಕೊಳವೆ ಗಿಡ್ಡವಾದರೆ ಲಾಕ್ ನಟ್ಟಿಗೆ ಮರೆ ಸಿಗುವುದಿಲ್ಲ. ಅಂಥದ್ದನ್ನು ‘ನಡೆಯುತ್ತೆ ಬಿಡಿ’ ಎಂದು ಕೂರಿಸಿದರೆ ನಡೆಯುವುದಿಲ್ಲ.

ಇನ್ನು ಕ್ಯಾನಿನ ವಿಷಯ. ಅರವತ್ತು ಕಿಲೋ ಸವಾರ ಕೂತಾಗ ಮುಂದಿನ ಚಕ್ರದ ಮೇಲೆ ಬೀಳುವುದು ಸುಮಾರು ಮೂವತ್ತು ಕಿಲೋ. ಹ್ಯಾಂಡಲ್ಲಿಗೆ ಇಪ್ಪತ್ತು ಲೀಟರ್ ಹಾಲು ನೇತುಹಾಕಿದರೆ ಕ್ಯಾನಿನ ತೂಕ ಸೇರಿ ಐವತ್ತು ದಾಟುತ್ತದೆ. ಅದೂ ತೂಗಾಡುವ ಭಾರ, ಪ್ರತಿ ಹಳ್ಳದಲ್ಲೂ ಎರಡೆರಡು ಸಲ ಎಳೆಯುತ್ತದೆ. ಹಿಂದಿನ ಕ್ಯಾರಿಯರ್‌ಗೆ ಅಡ್ಡಪಟ್ಟಿ ಹಾಕಿಸಿ ಎರಡೂ ಕ್ಯಾನನ್ನು ಆಕ್ಸಲ್ಲಿನ ಎತ್ತರಕ್ಕೆ ತಗ್ಗಿಸಿ ಕಟ್ಟಿ. ಹಿಂದಿನ ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಆಗ ಗೇರು ಇತ್ತೇ?
– ಓದುಗರು, ಶ್ರೀರಂಗಪಟ್ಟಣ

ಓಡುತ್ತಿರುವಾಗಲೇ ಬದಲಿಸುವ ಗೇರು ಟೂರ್‌ನಲ್ಲಿ ಇರಲಿಲ್ಲ, ಅದಕ್ಕೆ 1937ರವರೆಗೆ ಅಲ್ಲಿ ಅನುಮತಿಯೇ ಸಿಗಲಿಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ಬೇರೆಬೇರೆ ಹಲ್ಲಿನ ಸ್ಪ್ರಾಕೆಟ್ ಹಾಕಿಕೊಳ್ಳುತ್ತಿದ್ದರು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ ತಿರುಗಿಸಿ ಹಾಕಿ, ಚೈನು ಎಳೆದು ಬಿಗಿಮಾಡಿ ಹತ್ತುವುದು. ನೆತ್ತಿಯಲ್ಲಿ ಮತ್ತೆ ಅದೇ ಕೆಲಸ.

ಸೋತದ್ದನ್ನೇ ಹೇಳುತ್ತೀರಿ. ಆತ ಗೆದ್ದದ್ದು ಏನೂ ಇಲ್ಲವೆ?
– ಓದುಗರು, ಕುವೆಂಪುನಗರ, ಮೈಸೂರು

ಬೇಕಾದಷ್ಟಿದೆ, ನಮ್ಮ ಟಿಪ್ಪಣಿಯಲ್ಲಿ ಅದಕ್ಕೆ ಜಾಗ ಸಿಗಬೇಕಿತ್ತು. 1910ರ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನ್–ಸಾನ್ ರೆಮೊ ಓಟ. ಟುರ್ಕಿನೊ ಘಾಟಿಯಲ್ಲಿ ಹಿಮ ಬಿದ್ದು ಸವಾರರು ಒಬ್ಬೊಬ್ಬರಾಗಿ ಕೈಚೆಲ್ಲಿದರು. ಕ್ರಿಸ್ಟೋಫ್ ಮರಗಟ್ಟಿದ ಮೈಯಲ್ಲಿ ದಾರಿಬದಿಯ ಹೋಟೆಲಿಗೆ ಹೊಕ್ಕ. ಅಲ್ಲಿಯವರು ಒದ್ದೆ ಬಟ್ಟೆ ಬಿಚ್ಚಿಸಿ ಕಂಬಳಿ ಸುತ್ತಿದರು. ಬೇರೆ ಸವಾರರು ದಾಟಿಹೋಗುವುದು ಕಂಡೊಡನೆ ಮತ್ತೆ ಹೊರಬಿದ್ದು, ಎಲ್ಲರನ್ನೂ ಹಿಂದಿಕ್ಕಿ 12 ಗಂಟೆ 24 ನಿಮಿಷಕ್ಕೆ ಗೆದ್ದ. ಮುಟ್ಟಿದವರು ಬೆರಳೆಣಿಕೆಯಷ್ಟು. ಆಮೇಲೆ ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಬೇಕಾಯಿತು, ಮೊದಲಿನ ಶಕ್ತಿ ಮರಳಲು ಎರಡು ವರ್ಷ ಹಿಡಿಯಿತು.

1912ರ ಟೂರ್‌ನಲ್ಲಿ ಸತತ ಮೂರು ಹಂತ ಗೆದ್ದ. ಅದರಲ್ಲಿ ಶಾಮೊನಿಯಿಂದ ಗ್ರೆನೋಬಲ್‌ಗೆ 366 ಕಿ.ಮೀ., ಮುನ್ನೂರಕ್ಕೂ ಹೆಚ್ಚು ಕಿ.ಮೀ. ಒಬ್ಬನೇ ಮುಂದೆ. ಆಗ ಗೆಲುವಿನ ಲೆಕ್ಕ ಸಮಯದ್ದಲ್ಲ, ಸ್ಥಾನಕ್ಕಿಷ್ಟು ಅಂಕವೆಂದು. ಸಮಯದ ಲೆಕ್ಕವಾಗಿದ್ದರೆ ಕೊನೆಯ ಹಂತದವರೆಗೂ ಆತನೇ ಮುಂದಿರುತ್ತಿದ್ದ. ಅಂಕದಲ್ಲಿ ಬೆಲ್ಜಿಯಂನ ಒಡೀಲ್ ದಫ್ರೇ ಗೆದ್ದ, ಕ್ರಿಸ್ಟೋಫ್ ಎರಡನೆಯವ. ಮರುವರ್ಷವೇ ನಿಯಮ ಸಮಯದ ಲೆಕ್ಕಕ್ಕೆ ಮರಳಿತು.

ಯುದ್ಧದ ನಂತರ ಪ್ಯಾರಿಸ್–ಟೂರ್ ಓಟ (ಇಲ್ಲಿ ಟೂರ್ ಎಂಬುದು ಊರಿನ ಹೆಸರು) ಒಮ್ಮೆ, ಬೋರ್ಡೊ–ಪ್ಯಾರಿಸ್ 1920ರಲ್ಲೂ 1921ರಲ್ಲೂ. ಗದ್ದೆ, ಕೆಸರು, ದಿಣ್ಣೆಗಳಲ್ಲಿ ಸೈಕಲ್ ಹೊತ್ತು ಓಡುವ ಸೈಕ್ಲೋಕ್ರಾಸ್‌ನಲ್ಲಿ ಏಳು ಸಲ ಫ್ರಾನ್ಸಿನ ಚಾಂಪಿಯನ್. ಟೂರ್‌ನಲ್ಲಿ ಮುಂದಿರುವವನಿಗೆ ಹಳದಿ ಅಂಗಿ ಕೊಡುವ ಪದ್ಧತಿ ಶುರುವಾದದ್ದೇ 1919ರ ಜುಲೈನಲ್ಲಿ, ಗ್ರೆನೋಬಲ್‌ನಲ್ಲಿ, ಕ್ರಿಸ್ಟೋಫ್‌ನಿಂದ. ‘ಲೋಟೊ’ ಅಚ್ಚಾಗುತ್ತಿದ್ದ ಕಾಗದದ ಬಣ್ಣ ಹಳದಿ. ಜೊತೆಯವರು ಕ್ಯಾನರಿ ಹಕ್ಕಿ ಎಂದು ಕಿಚಾಯಿಸಿದ್ದರಂತೆ. 37ರ ವಯಸ್ಸಿನಲ್ಲೂ ಒಮ್ಮೆ ಅದನ್ನು ತೊಟ್ಟ. ಹನ್ನೊಂದು ಟೂರ್ ಹೊರಟು ಎಂಟನ್ನು ಮುಗಿಸಿದವನು, ಕಡೆಯದು ನಲವತ್ತು ತುಂಬಿದ 1925ರಲ್ಲಿ. ತೀರಿಕೊಂಡದ್ದು 1970ರಲ್ಲಿ.

ತಂದೆಯವರ ಹಳೆಯ ರೇಸಿಂಗ್ ಸೈಕಲ್ಲಿನ ಪೆಡಲ್ ಪಟ್ಟಿಯ ಮೇಲೆ ‘ಕ್ರಿಸ್ಟೋಫ್’ ಎಂದು ಅಚ್ಚೊತ್ತಿದೆ. ಈತನೇನಾ? ಪಟ್ಟಿ ಮತ್ತೆ ಮತ್ತೆ ಜಾರುತ್ತದೆ, ಏನು ಮಾಡಲಿ?
– ಓದುಗರು, ವಿಜಯನಗರ, ಮೈಸೂರು

ಆತನೇ. ಪಾದ ಜಾರದಂತೆ ಪೆಡಲ್ ಮುಂದೆ ಕೂರಿಸುವ ಟೋ ಕ್ಲಿಪ್ಪು, ಅದರ ಚರ್ಮದ ಪಟ್ಟಿ ಆತನ ಹೆಸರಿನಲ್ಲೇ ದಶಕಗಳ ಕಾಲ ಮಾರಾಟವಾದವು. ಓಟ ನೋಡದವರಿಗೂ ಆ ಹೆಸರು ತಲುಪಿದ್ದು ಪೆಡಲ್ ಮೂಲಕ.

ಪಟ್ಟಿ ಜಾರುವುದು ತಿರುಚು ಹಾಕದೆ ತೂರಿಸಿದ್ದರಿಂದ. ಪೆಡಲ್ಲಿನ ಹೊರಬದಿಯ ತಗಡಿನ ಸಂದಿಯಿಂದ ಒಳಕ್ಕೆ ತೂರಿಸಿ, ಒಳಬದಿಯ ಸಂದಿ ಮುಟ್ಟುವ ಮೊದಲು ಪಟ್ಟಿಗೆ ಒಂದು ಪೂರ್ತಿ ತಿರುಚು ಕೊಟ್ಟು ಆಚೆ ಎಳೆಯಿರಿ. ತಿರುಚು ಎರಡು ತಗಡುಗಳ ನಡುವೆ ಸಿಕ್ಕಿಕೊಂಡು ಪಟ್ಟಿ ಅಲುಗದಂತೆ ಹಿಡಿಯುತ್ತದೆ. ಆಮೇಲೆ ಕ್ಲಿಪ್ಪಿನ ತಲೆಯ ಕೊಂಡಿಯಿಂದ ಹಾಯಿಸಿ ಬಕಲ್‌ಗೆ ತನ್ನಿ. ಬಕಲ್ ಹೊರಬದಿಯಲ್ಲಿ, ಪೆಡಲ್ ಅಂಚಿಗಿಂತ ಸ್ವಲ್ಪ ಮೇಲಿರಲಿ. ಒಳಬದಿಗೆ ಬಂದರೆ ಕ್ರ್ಯಾಂಕಿಗೆ ತಾಗುತ್ತದೆ, ತೀರ ಮೇಲಿದ್ದರೆ ಪಾದಕ್ಕೆ ಒತ್ತುತ್ತದೆ. ಪಾದದ ಅಗಲವಾದ ಭಾಗ ಪೆಡಲ್ ಆಕ್ಸಲ್ ಮೇಲೆ ಬಂದಾಗ ಬೂಟಿನ ತುದಿಗೂ ಕ್ಲಿಪ್ಪಿಗೂ ನಾಲ್ಕೈದು ಮಿ.ಮೀ. ಜಾಗ ಉಳಿಯಬೇಕು, ಉಳಿಯದಿದ್ದರೆ ಕ್ಲಿಪ್ಪು ನಿಮ್ಮ ಕಾಲಿಗೆ ಚಿಕ್ಕದು. ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ ಎಣ್ಣೆ ಹಚ್ಚಿದರೂ ಉಪಯೋಗವಿಲ್ಲ, ಹೊಸ ಪಟ್ಟಿ ಹಾಕಿ ಹಳೆಯದನ್ನು ಎತ್ತಿಡಿ. ಮತ್ತೆ, ದೇವರಾಜ ಅರಸು ರಸ್ತೆಯಂಥ ದಟ್ಟಣೆಯಲ್ಲಿ ಪಟ್ಟಿಯನ್ನು ಬಿಗಿಯಬೇಡಿ. ಸಿಗ್ನಲ್ಲಿನಲ್ಲಿ ಕಾಲು ಹಿಂದಕ್ಕೆ ಎಳೆದರೆ ತಟ್ಟನೆ ಈಚೆ ಬರುವಷ್ಟು ಸಡಿಲವಿರಲಿ.